ಶ್ರೀನಗರದ ಮೈನಸ್ ಚಿಹ್ನೆಯನ್ನು ವಾಪಸು ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಹವಾಮಾನ ಪಟ್ಟಿಯಲ್ಲಿ ಶ್ರೀನಗರದ ಕನಿಷ್ಠ ತಾಪಮಾನ ‘−0’ ಎಂದು ಅಚ್ಚಾದದ್ದನ್ನು ಓದುಗರೊಬ್ಬರು ಇದೇ ಅಂಕಣದಲ್ಲಿ ಚೆನ್ನಾಗಿಯೇ ಚುಚ್ಚಿದ್ದರು. ಸೊನ್ನೆಯನ್ನು ಜಗತ್ತಿಗೆ ಕೊಟ್ಟ ದೇಶದಲ್ಲಿ ಸೊನ್ನೆಯ ತಲೆಯ ಮೇಲೂ ಸಾಲ ಹೊರಿಸುತ್ತಿದ್ದೀರಲ್ಲ ಎಂದು ಕೇಳಿದ್ದರು. ತಮ್ಮ ನೀರಿನ ಬಿಲ್ಲಿನಲ್ಲೂ ಬಾಕಿ ‘−0.00’ ಎಂದು ಬಂದಿದೆ, ಎರಡೂ ಕಂಪ್ಯೂಟರಿನ ಒಂದೇ ಅವಿವೇಕದ ಮಕ್ಕಳು ಎಂದೂ ತೀರ್ಪು ಕೊಟ್ಟಿದ್ದರು. ಪತ್ರ ಸೊಗಸಾಗಿತ್ತು, ನಾನೂ ನಕ್ಕೆ. ಆದರೆ ಮರುದಿನದಿಂದ ನಿಮ್ಮ ಪಟ್ಟಿಯಲ್ಲಿ ಶ್ರೀನಗರ ಬರಿಯ ‘0’ ಆಗಿಬಿಟ್ಟಿದೆ. ಉಪಸಂಪಾದಕರು ಮೈನಸ್ ಚಿಹ್ನೆಯನ್ನು ಅಳಿಸಿದ್ದಾರೆ. ನನ್ನ ತಕರಾರು ಆ ಅಳಿಸುವಿಕೆಯ ಬಗ್ಗೆ.

ನಾನು ಹವಾಮಾನ ವೀಕ್ಷಕನಾಗಿದ್ದು ನಿವೃತ್ತನಾದವನು. ಹುಟ್ಟಿದ್ದು ಸಾಗರದ ಮಳೆಯಲ್ಲಿ. ಸೊನ್ನೆಗಿಂತ ಕೆಳಗಿನ ತಾಪಮಾನ ಭೂಗೋಳದ ಪುಸ್ತಕದಾಚೆಗೂ ಇದೆ ಎಂಬುದು ಗೊತ್ತಾದದ್ದು ನೌಕರಿ ನನ್ನನ್ನು ಕಾಶ್ಮೀರ ಕಣಿವೆಗೆ ಒಯ್ದ ಮೇಲೆ. ಅಲ್ಲಿ ನವೆಂಬರ್ ಕೊನೆಯ ರಾತ್ರಿಗಳಲ್ಲಿ ಪಾದರಸ ಸೊನ್ನೆಯ ಗೆರೆಯ ಆಚೆ ಈಚೆ ಓಡಾಡುತ್ತಲೇ ಇರುತ್ತದೆ. 0.3 ಇದ್ದದ್ದು ಮುಂದಿನ ವೀಕ್ಷಣೆಯ ಹೊತ್ತಿಗೆ −0.4 ಆಗಿರುತ್ತದೆ. ಎರಡನ್ನೂ ಪೂರ್ಣಾಂಕಕ್ಕೆ ಇಳಿಸಿದರೆ ಸೊನ್ನೆಯೇ. ಆದರೆ ಮೊದಲನೆಯದರಲ್ಲಿ ಅಂಗಳದ ನೀರು ನೀರಾಗಿಯೇ ಇರಬಹುದು, ಎರಡನೆಯದರಲ್ಲಿ ಅದು ಹೆಪ್ಪುಗಟ್ಟುವ ದಾರಿ ಹಿಡಿದಿದೆ. ನಮ್ಮ ಥರ್ಮಾಮೀಟರ್ ಇರುವುದು ನೆಲದಿಂದ ನಾಲ್ಕು ಅಡಿ ಎತ್ತರದ ಬಿಳಿ ಪೆಟ್ಟಿಗೆಯೊಳಗೆ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಯಲ್ಲಿ ನೆಲ ಅದಕ್ಕಿಂತಲೂ ತಣ್ಣಗಿರುತ್ತದೆ. ಹಾಗಾಗಿ ಪೆಟ್ಟಿಗೆಯೊಳಗೇ −0.4 ಇದ್ದರೆ ಹೊರಗೆ ಹುಲ್ಲಿನ ಮೇಲೆ ಏನಾಗಿದೆಯೆಂದು ಟಾರ್ಚ್ ಹಿಡಿದು ನೋಡಬೇಕಾಗಿಯೇ ಇಲ್ಲ.

ಆ ಪೆಟ್ಟಿಗೆಯಲ್ಲಿ ಇನ್ನೊಂದು ಥರ್ಮಾಮೀಟರ್ ಇರುತ್ತದೆ. ಅದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿರುತ್ತೇವೆ, ತೇವಾಂಶವನ್ನು ಲೆಕ್ಕ ಹಾಕುವುದು ಅದರಿಂದ. ಅದು ಸೊನ್ನೆಯ ಕೆಳಗೆ ಇಳಿದರೆ ಬಟ್ಟೆಯ ಮೇಲಿರುವುದು ನೀರೋ ಮಂಜುಗಡ್ಡೆಯೋ ಎಂದು ನೋಡಿ ಬರೆಯಬೇಕು. ಮಂಜುಗಡ್ಡೆಯಾಗಿದ್ದರೆ ಬೇರೆ ಕೋಷ್ಟಕ, ಬೇರೆ ಉತ್ತರ. ಚಳಿಗೆ ಬೆರಳು ಮರಗಟ್ಟಿದ್ದಾಗಲೂ ಈ ವಿಚಾರದಲ್ಲಿ ನಮ್ಮ ಮೇಲಧಿಕಾರಿಗಳು ಯಾವ ಔದಾರ್ಯವನ್ನೂ ತೋರಿಸುತ್ತಿರಲಿಲ್ಲ. ಅದು ಸರಿಯೇ ಆಗಿತ್ತು.

ಪತ್ರ ಬರೆದ ಮಹನೀಯರು ‘−0’ಯನ್ನು ಕಂಪ್ಯೂಟರಿನ ಸೃಷ್ಟಿ ಎಂದುಕೊಂಡಿದ್ದಾರೆ. ವಿಮಾನ ನಿಲ್ದಾಣಗಳಿಂದ ಹೊರಡುವ ಹವಾಮಾನ ವರದಿಗೆ ಮೆಟಾರ್ ಎಂದು ಹೆಸರು. ಅದರಲ್ಲಿ ತಾಪಮಾನವನ್ನು ಪೂರ್ಣಾಂಕದಲ್ಲಿ ಕೊಡಬೇಕು, ಸೊನ್ನೆಗಿಂತ ಕೆಳಗಿದ್ದರೆ ಮುಂದೆ ‘ಎಂ’ ಅಕ್ಷರ ಹಾಕಬೇಕು. −4ಕ್ಕೆ ‘ಎಂ04’. ಹಾಗಾದರೆ −0.4ಕ್ಕೆ? ‘ಎಂ00’. ಇದು ಅಂತರರಾಷ್ಟ್ರೀಯ ನಿಯಮ. −0.1ರಿಂದ −0.5ರವರೆಗೆ ಎಲ್ಲವೂ ‘ಎಂ00’, 0.0ಯಿಂದ 0.4ರವರೆಗೆ ‘00’. ವಿಮಾನ ನಡೆಸುವವನಿಗೆ ಇವೆರಡರ ನಡುವಿನ ವ್ಯತ್ಯಾಸ ಬೇಕೇ ಬೇಕು. ಮಂಜು ಕವಿದಿದ್ದರೆ ಅದನ್ನು ಬರಿಯ ಮಂಜು ಎನ್ನಬೇಕೋ ಹೆಪ್ಪುಗಟ್ಟಿಸುವ ಮಂಜು ಎನ್ನಬೇಕೋ ಎಂಬುದು ತಾಪಮಾನ ಸೊನ್ನೆಗಿಂತ ಕೆಳಗಿದೆಯೇ ಎಂಬುದರ ಮೇಲೆಯೇ ನಿಂತಿದೆ. ಎರಡನೆಯ ಬಗೆಯ ಮಂಜು ರೆಕ್ಕೆಗೆ ತಾಗಿದರೆ ಅಂಟಿಕೊಳ್ಳುತ್ತದೆ.

ಇದೇ ಇಲಾಖೆಯ ಇನ್ನೊಂದು ಸಂಕೇತ ಪದ್ಧತಿ ಸಿನಾಪ್. ಅದರಲ್ಲಿ ತಾಪಮಾನ ದಶಾಂಶದವರೆಗೆ ಹೋಗುತ್ತದೆ, ಚಿಹ್ನೆಗೆ ಪ್ರತ್ಯೇಕ ಅಂಕಿಯೇ ಇದೆ: ಧನಕ್ಕೆ 0, ಋಣಕ್ಕೆ 1. 0.4 ಡಿಗ್ರಿಯನ್ನು 10004 ಎಂದೂ −0.4 ಡಿಗ್ರಿಯನ್ನು 11004 ಎಂದೂ ಕಳುಹಿಸುತ್ತಿದ್ದೆವು. ಮೊದಲ 1 ಇದು ತಾಪಮಾನ ಎಂದು ಹೇಳಲು, ಎರಡನೆಯ ಅಂಕಿ ಚಿಹ್ನೆಗೆ. ಇಲ್ಲಿ ಮಾತ್ರ 11000 ಎಂದು ಕಳುಹಿಸುವಂತಿಲ್ಲ; ಸೊನ್ನೆಗೆ ಧನದ ಅಂಕಿಯನ್ನೇ ಹಾಕಬೇಕೆಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ದಶಾಂಶವೇ ಕೈಯಲ್ಲಿರುವಾಗ ಸೊನ್ನೆಯ ಹಿಂದೆ ಏನನ್ನೂ ಬಚ್ಚಿಡಬೇಕಾದ ಅಗತ್ಯವಿಲ್ಲ. ಒಂದೇ ಕಚೇರಿಯಲ್ಲಿ, ಒಂದೇ ಮೇಜಿನ ಮೇಲೆ, ಒಂದು ವರದಿಗೆ ಋಣ ಸೊನ್ನೆ ಕಡ್ಡಾಯ, ಇನ್ನೊಂದಕ್ಕೆ ನಿಷಿದ್ಧ. ಎರಡಕ್ಕೂ ಕಾರಣವಿದೆ.

ಗಾಳಿಯ ವಿಷಯದಲ್ಲೂ ನಮಗೆ ಎರಡು ಬಗೆಯ ಸೊನ್ನೆಗಳ ಕಾಟವಿತ್ತು. ಉತ್ತರ ದಿಕ್ಕಿಗೆ ಕೋನ 0. ಗಾಳಿಯೇ ಇಲ್ಲದಿದ್ದರೂ ಬರೆಯಬೇಕಾದದ್ದು 0. ಎರಡೂ ಒಂದಾದರೆ ಅನಾಹುತವೆಂದು ಹಿರಿಯರು ಉತ್ತರದ ಗಾಳಿಗೆ 360 ಎಂದೂ ಗಾಳಿಯಿಲ್ಲದ್ದಕ್ಕೆ 000 ಎಂದೂ ಹಂಚಿಬಿಟ್ಟರು.

ಮುಂದೆ ನಾನು ಬೆಂಗಳೂರಿಗೆ ಬಂದು ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸಕ್ಕೆ ಸೇರಿದೆ. ಹೊರಗಿನ ಸಂಸ್ಥೆಯೊಂದು ಬರೆದುಕೊಟ್ಟ ಪ್ರೋಗ್ರಾಂ ‘ಎಂ04’ ಎಂಬುದನ್ನು ಸರಿಯಾಗಿ −4 ಎಂದು ಓದುತ್ತಿತ್ತು, ‘ಎಂ00’ ಎಂಬುದನ್ನು 0 ಎಂದು. ಸೊನ್ನೆಗಿಂತ ಕೆಳಗಿಳಿದ ರಾತ್ರಿಗಳೆಷ್ಟು ಎಂದು ಕೇಳಿದರೆ ಗಡಿಯಂಚಿನ ರಾತ್ರಿಗಳನ್ನೆಲ್ಲ ಕೈಬಿಟ್ಟು ಲೆಕ್ಕ ಕೊಡುತ್ತಿತ್ತು. ಅದನ್ನು ಬರೆದ ಹುಡುಗನಿಗೆ ತೋರಿಸಿದಾಗ ಅವನು ಶಾಲೆಯಲ್ಲಿ ಕಲಿತದ್ದನ್ನೇ ನನಗೆ ಹೇಳಿದ: ‘ಸಾರ್, ಮೈನಸ್ ಸೊನ್ನೆ ಎಂದರೂ ಸೊನ್ನೆಯೇ ಅಲ್ಲವೇ?’

ಗಣಿತದಲ್ಲಿ ಅವನ ಮಾತು ಸರಿ. ಒಂದು ಸಂಖ್ಯೆಗೆ ಯಾವ ಸಂಖ್ಯೆಯನ್ನು ಕೂಡಿಸಿದರೆ ಸೊನ್ನೆ ಬರುತ್ತದೋ ಅದು ಮೂಲ ಸಂಖ್ಯೆಯ ಋಣ. ಸೊನ್ನೆಗೆ ಸೊನ್ನೆಯನ್ನೇ ಕೂಡಿಸಿದರೆ ಸೊನ್ನೆ. ಆದ್ದರಿಂದ −0 ಎಂಬುದು 0ಯೇ, ಬೇರೆಯದಲ್ಲ. ಓದುಗರು ನೆನಪಿಸಿದ ನಮ್ಮ ಪೂರ್ವಜರೂ ಇದನ್ನೇ ಹೇಳಿದ್ದಾರೆ. 628ರಲ್ಲಿ ಬ್ರಹ್ಮಗುಪ್ತ ಧನ, ಋಣ, ಶೂನ್ಯಗಳಿಗೆ ನಿಯಮ ಕೊಟ್ಟಾಗ ಶೂನ್ಯದಿಂದ ಧನವನ್ನು ಕಳೆದರೆ ಋಣ, ಋಣವನ್ನು ಕಳೆದರೆ ಧನ, ಶೂನ್ಯವನ್ನು ಕಳೆದರೆ ಶೂನ್ಯ ಎಂದ. ಭಾಗಾಕಾರಕ್ಕೆ ಬಂದಾಗ ಮಾತ್ರ ಎಡವಟ್ಟು ಆರಂಭವಾಯಿತು. ಶೂನ್ಯವನ್ನು ಶೂನ್ಯದಿಂದ ಭಾಗಿಸಿದರೆ ಶೂನ್ಯ ಎಂದು ಅವನೇ ಬರೆದ. ನಮ್ಮ ಮಳಖೇಡದಲ್ಲಿ, ಅಂದರೆ ಅಂದಿನ ಮಾನ್ಯಖೇಟದಿಂದ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೆಯೇ ಉಳಿಯುತ್ತದೆ ಎಂದರು. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಅಷ್ಟು ಹಿಂದೆಯೇ ಸ್ಪಷ್ಟವಾಗಿ ಬರೆದಿಟ್ಟವರು ಅವರು. ಅಂಥವರನ್ನೂ ಸೊನ್ನೆ ಯಾಮಾರಿಸಿತು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರು ಸೊನ್ನೆಯಿಂದ ಭಾಗಿಸಿದ ಸಂಖ್ಯೆಯನ್ನು ಖಹರ ಎಂದು ಕರೆದು, ಎಷ್ಟು ಕೂಡಿದರೂ ಕಳೆದರೂ ಬದಲಾಗದ ರಾಶಿ ಎಂದು ಅನಂತನಾದ ಅಚ್ಯುತನಿಗೆ ಹೋಲಿಸಿದರು. ಪೂರ್ವಜರನ್ನು ಸಾಕ್ಷಿಗೆ ಕರೆಯುವುದಾದರೆ ಅವರ ಪೂರ್ತಿ ಹೇಳಿಕೆಯನ್ನೂ ಕೇಳಿಸಿಕೊಳ್ಳಬೇಕು ಎಂಬುದಷ್ಟೇ ನನ್ನ ಅರಿಕೆ. ಸೊನ್ನೆಯ ಬಳಿಗೆ ಹೋದಾಗ ಏನಾಗುತ್ತದೆ ಎಂಬುದು ಅವರಿಗೂ ಸುಲಭದ ಪ್ರಶ್ನೆಯಾಗಿರಲಿಲ್ಲ.

ಕಂಪ್ಯೂಟರಿನ ಕಷ್ಟ ಗಣಿತಜ್ಞನ ಕಷ್ಟಕ್ಕಿಂತ ಬೇರೆ. ಗಣಿತಜ್ಞನ ಸೊನ್ನೆ ಸೊನ್ನೆಯೇ ಆಗಿರುತ್ತದೆ. ಯಂತ್ರದ ಸೊನ್ನೆ ಎಷ್ಟೋ ಸಲ ಸೊನ್ನೆಯಲ್ಲ. ಬರೆಯಲು ಜಾಗವಿಲ್ಲದಷ್ಟು ಚಿಕ್ಕದಾದ ಯಾವುದೋ ಸಂಖ್ಯೆಯ ಗುರುತು. ದಶಾಂಶ ಸಂಖ್ಯೆಗಳನ್ನು ಯಂತ್ರಗಳು ಹೇಗೆ ಇಟ್ಟುಕೊಳ್ಳಬೇಕು ಎಂಬುದಕ್ಕೆ 1985ರಲ್ಲಿ ಐಇಇಇ 754 ಎಂಬ ಮಾನದಂಡ ಬಂತು. ಇಂದು ನಿಮ್ಮ ಜೇಬಿನಲ್ಲಿರುವ ಮೊಬೈಲ್ ಕೂಡ ಅದನ್ನೇ ಪಾಲಿಸುತ್ತದೆ. 0 ಅಥವಾ 1 ಮಾತ್ರ ಹಿಡಿಸುವ ಮನೆಗೆ ಬಿಟ್ ಎಂದು ಹೆಸರು. 64 ಬಿಟ್‌ಗಳಲ್ಲಿ ಮೊದಲನೆಯದು ಚಿಹ್ನೆಗೆ, 11 ಘಾತಕ್ಕೆ, ಉಳಿದ 52 ಅಂಕಿಗಳಿಗೆ. ಚಿಹ್ನೆಯ ಬಿಟ್ 0 ಆದರೆ ಧನ, 1 ಆದರೆ ಋಣ. ನಮ್ಮ ಸಿನಾಪ್ ಹೇಗೋ ಹಾಗೆಯೇ. ಉಳಿದ 63 ಬಿಟ್‌ಗಳೂ ಸೊನ್ನೆಯಾಗಿ ಚಿಹ್ನೆಯ ಬಿಟ್ ಮಾತ್ರ 1 ಆಗಿದ್ದರೆ ಅದೇ ಋಣ ಸೊನ್ನೆ. 10ರ ಋಣ 324ನೆಯ ಘಾತದ ಆಸುಪಾಸಿನಲ್ಲಿ ಈ ವ್ಯವಸ್ಥೆಯ ಶಕ್ತಿ ಮುಗಿಯುತ್ತದೆ. ಋಣ ಸಂಖ್ಯೆಯೊಂದು ಅದಕ್ಕಿಂತಲೂ ಕಿರಿದಾದರೆ ಸೊನ್ನೆಯಾಗುತ್ತದೆ, ಆದರೆ ತಾನು ಯಾವ ಕಡೆಯಿಂದ ಬಂದೆ ಎಂಬುದನ್ನು ಆ ಒಂದು ಬಿಟ್‌ನಲ್ಲಿ ಉಳಿಸಿಕೊಳ್ಳುತ್ತದೆ. ‘ಎಂ00’ ಮಾಡುವುದೂ ಇದನ್ನೇ.

ಇದರ ಹಿಂದೆ ಹಟ ಹಿಡಿದು ನಿಂತವರು ಬರ್ಕ್‌ಲಿಯ ವಿಲಿಯಂ ಕಹಾನ್. 1980ರಲ್ಲಿ ಬಂದ ಇಂಟೆಲ್ 8087 ಚಿಪ್ಪಿನ ಅಂಕಗಣಿತಕ್ಕೆ ದಾರಿ ತೋರಿಸಿದವರು, 1989ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ಅವರ ವಾದದ ಸುಲಭದ ಭಾಗ ಹೀಗಿದೆ. ಮಾನದಂಡದ ಪ್ರಕಾರ 1ನ್ನು 0ಯಿಂದ ಭಾಗಿಸಿದರೆ ಅನಂತ, −0ಯಿಂದ ಭಾಗಿಸಿದರೆ ಋಣ ಅನಂತ. ಋಣ ಅನಂತದಿಂದ 1ನ್ನು ಭಾಗಿಸಿದಾಗ ಚಿಹ್ನೆ ಕಳೆದುಹೋದರೆ, ಮತ್ತೊಮ್ಮೆ ಅದೇ ಕ್ರಿಯೆ ಮಾಡಿದಾಗ ಹೊರಟ ಊರಿಗೆ ಮರಳುವುದಿಲ್ಲ. ಎದುರು ದಿಕ್ಕಿನ ಅನಂತಕ್ಕೆ ಹೋಗಿ ಬೀಳುತ್ತೇವೆ. ಕಷ್ಟದ ಭಾಗ ಸಮ್ಮಿಶ್ರ ಸಂಖ್ಯೆಗಳದ್ದು, ಅಂದರೆ ಋಣ ಸಂಖ್ಯೆಗೂ ವರ್ಗಮೂಲ ಸಿಗುವಂತೆ ಗಣಿತಜ್ಞರು ಮುಂದೆ ಕಟ್ಟಿಕೊಂಡ ಸಂಖ್ಯೆಗಳದ್ದು. −1ಕ್ಕೆ ಎರಡು ವರ್ಗಮೂಲಗಳಿವೆ. ಈ ಸಂಖ್ಯೆಗಳ ನಕ್ಷೆಯಲ್ಲಿ ಋಣ ಅಕ್ಷದ ಮೇಲೆ ನಿಂತಾಗ ಯಾವುದನ್ನು ಆರಿಸಬೇಕು ಎಂಬುದು ಮೇಲಿನಿಂದ ಬಂದೆವೋ ಕೆಳಗಿನಿಂದ ಬಂದೆವೋ ಎಂಬುದರ ಮೇಲೆ ಹೋಗುತ್ತದೆ, ಅದನ್ನು ಹೇಳಲು ಉಳಿದಿರುವುದು ಸೊನ್ನೆಯ ಚಿಹ್ನೆ ಮಾತ್ರ. ಕೊಳವೆಯ ಬಾಯಿಯ ಸುತ್ತ ದ್ರವ ಹರಿಯುವ ರೇಖೆಗಳನ್ನು ಬಿಡಿಸುವಾಗ ಆ ಚಿಹ್ನೆಯನ್ನು ಕೈಬಿಟ್ಟರೆ ಅಂಚಿನ ರೇಖೆ ತಪ್ಪು ಜಾಗಕ್ಕೆ ಹಾರುತ್ತದೆ ಎಂದು ಅವರು ಚಿತ್ರ ಸಮೇತ ತೋರಿಸಿದರು.

ಹಾಗೆಂದು ಎರಡು ಸೊನ್ನೆಗಳು ಪರಸ್ಪರ ಜಗಳವಾಡುವುದಿಲ್ಲ. ಎರಡೂ ಸಮವೇ ಎಂದು ಯಂತ್ರವನ್ನು ಕೇಳಿದರೆ ಹೌದು ಎನ್ನುತ್ತದೆ. −0 ಎಂಬುದು 0ಗಿಂತ ಕಡಿಮೆಯೇ ಎಂದರೆ ಅಲ್ಲ ಎನ್ನುತ್ತದೆ. ಪ್ರೋಗ್ರಾಂ ಬರೆಯುವವರು ಎಡವುವುದು ಇಲ್ಲೇ. ಗಾಳಿಯ ದಿಕ್ಕನ್ನೇ ತೆಗೆದುಕೊಳ್ಳಿ. ಯಂತ್ರದಲ್ಲಿ ಗಾಳಿಯನ್ನು ಪೂರ್ವದ ಕಡೆಗಿನ ವೇಗ, ಉತ್ತರದ ಕಡೆಗಿನ ವೇಗ ಎಂದು ಎರಡು ತುಂಡಾಗಿ ಇಡುತ್ತಾರೆ. ಉತ್ತರದಿಂದ ಬೀಸುವ ಗಾಳಿಗೆ ಇವು 0 ಮತ್ತು −5 ಎಂದುಕೊಳ್ಳಿ. ಗಾಳಿ ಎಲ್ಲಿಂದ ಬಂತು ಎಂದು ತಿಳಿಯಲು ಎರಡರ ಚಿಹ್ನೆಯನ್ನೂ ತಿರುಗಿಸಬೇಕು: −0 ಮತ್ತು 5. ಇವುಗಳಿಂದ ಕೋನ ತೆಗೆದರೆ ಬರುವುದು −0. ‘ಕೋನ ಸೊನ್ನೆಗಿಂತ ಕಡಿಮೆಯಿದ್ದರೆ 360 ಕೂಡಿಸು’ ಎಂದು ಪ್ರೋಗ್ರಾಂನಲ್ಲಿ ಬರೆದಿರುತ್ತಾರೆ. ಯಂತ್ರಕ್ಕೆ −0 ಸೊನ್ನೆಗಿಂತ ಕಡಿಮೆಯಲ್ಲವಾದ್ದರಿಂದ ಅದನ್ನು ಹಾಗೆಯೇ ಬಿಡುತ್ತದೆ. ವರದಿಯಲ್ಲಿ 360 ಇರಬೇಕಾದ ಕಡೆ ಮೈನಸ್ ಹೊತ್ತ ಸೊನ್ನೆ ಕಾಣಿಸಿಕೊಳ್ಳುತ್ತದೆ. ಇಂಥ ಕಡೆ ನಿಮ್ಮ ಓದುಗರ ಜೊತೆ ನಾನೂ ನಗುತ್ತೇನೆ, ಆದರೆ ನಗಬೇಕಾದದ್ದು ಸಾಲು ಬರೆದವನನ್ನು ನೋಡಿ.

ಹಳೆಯ ಯಂತ್ರಗಳಲ್ಲಿ ಪೂರ್ಣಾಂಕಗಳಿಗೂ ಎರಡು ಸೊನ್ನೆಗಳಿದ್ದವು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ 1964ರಲ್ಲಿ ಬಂದ ಸಿಡಿಸಿ 3600 ಆ ಜಾತಿಯದು. ಅಲ್ಲಿ ಒಂದು ಸಂಖ್ಯೆಯ ಋಣ ಬೇಕಾದರೆ ಎಲ್ಲ ಬಿಟ್‌ಗಳನ್ನೂ ತಿರುಗಿಸಿದರೆ ಆಯಿತು. ಎಂಟು ಬಿಟ್‌ಗಳಲ್ಲಿ 5 ಎಂದರೆ 00000101, −5 ಎಂದರೆ 11111010. ಹಾಗಾದರೆ 00000000 ತಿರುಗಿಸಿದ 11111111 ಏನು? ಅದೂ ಸೊನ್ನೆಯೇ. ಈಗಿನ ಯಂತ್ರಗಳು ತಿರುಗಿಸಿದ ಮೇಲೆ ಒಂದನ್ನು ಕೂಡಿಸಿ ಈ ಎರಡನೆಯ ಸೊನ್ನೆಯನ್ನು ಇಲ್ಲವಾಗಿಸಿವೆ. ಪೂರ್ಣಾಂಕದಲ್ಲಿ ಅದರ ಅಗತ್ಯವಿರಲಿಲ್ಲ, ಹೋದದ್ದು ಒಳ್ಳೆಯದೇ ಆಯಿತು. ಆದರೆ ಪೂರ್ತಿ ಹೋಗಿಲ್ಲ. ಇಂಟರ್‌ನೆಟ್‌ನಲ್ಲಿ ಯುಡಿಪಿ ಎಂಬ ರೀತಿಯಲ್ಲಿ ಸಾಗುವ ಪ್ರತಿ ಪೊಟ್ಟಣಕ್ಕೂ ತಾಳೆ ನೋಡಲು 16 ಬಿಟ್‌ಗಳ ಒಂದು ಮೊತ್ತವಿರುತ್ತದೆ, ಅದನ್ನು ಹಾಕುವುದು ಹಳೆಯ ಪದ್ಧತಿಯಲ್ಲಿಯೇ. ಅಲ್ಲಿ ಎಲ್ಲ ಬಿಟ್‌ಗಳೂ 0 ಇದ್ದರೆ ‘ಕಳುಹಿಸಿದವನು ತಾಳೆ ಹಾಕಿಲ್ಲ’ ಎಂದರ್ಥ. ತಾಳೆ ಹಾಕಿದಾಗಲೇ ಉತ್ತರ ಸೊನ್ನೆ ಬಂದರೆ? ಆಗ ಎಲ್ಲ ಬಿಟ್‌ಗಳನ್ನೂ 1 ಮಾಡಿ, ಅಂದರೆ ಋಣ ಸೊನ್ನೆಯನ್ನು, ಕಳುಹಿಸಬೇಕು. 1980ರ ನಿಯಮ, ಇಂದಿಗೂ ಜಾರಿಯಲ್ಲಿದೆ. ಉತ್ತರದ ಗಾಳಿಗೆ 360 ಎಂದು ಬರೆಯುತ್ತಿದ್ದ ನಮಗೆ ಈ ಉಪಾಯ ಹೊಸದೆನಿಸಲಿಲ್ಲ.

ಪೂರ್ಣಾಂಕಕ್ಕೆ ಎರಡನೆಯ ಸೊನ್ನೆ ಇಲ್ಲದಿರುವುದೇ ಕೆಲವು ಕಡೆ ತೊಡಕು. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳು ಎಲ್ಲರಿಗೂ ಗೊತ್ತು. ಅವುಗಳಲ್ಲಿ ಪಶ್ಚಿಮದ್ದು ಮಿಂಟಾಕ. ಭೂಮಧ್ಯರೇಖೆಯನ್ನು ಆಕಾಶಕ್ಕೆ ಚಾಚಿದಂತಿರುವ ಖಗೋಳ ವಿಷುವದ್ವೃತ್ತದಿಂದ ದಕ್ಷಿಣಕ್ಕೆ ಸುಮಾರು 18 ಕಲೆ (ಡಿಗ್ರಿಯ ಅರವತ್ತನೆಯ ಒಂದು ಭಾಗವೇ ಕಲೆ), ಅಂದರೆ ಒಂದು ಡಿಗ್ರಿಯ ಮೂರನೆಯ ಒಂದು ಭಾಗದಷ್ಟೂ ದೂರವಿಲ್ಲ. ಪಟ್ಟಿಯಲ್ಲಿ ಅದನ್ನು ಬರೆಯುವುದು −00 ಡಿಗ್ರಿ, 18 ಕಲೆ ಎಂದು. ಡಿಗ್ರಿಯನ್ನು ಪೂರ್ಣಾಂಕವಾಗಿ ಓದುವ ಪ್ರೋಗ್ರಾಂ −00ಯನ್ನು 0 ಮಾಡುತ್ತದೆ, ನಕ್ಷತ್ರ ಗೆರೆ ದಾಟಿ ಉತ್ತರಕ್ಕೆ ಹಾರುತ್ತದೆ. ಒಟ್ಟು 36 ಕಲೆಗಳ ತಪ್ಪು, ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಹೆಚ್ಚು. ಕುಂಭ ರಾಶಿಯ ಸದಲ್ಮೆಲಿಕ್‌ಗೂ ಇದೇ ಗತಿ. ಇದಕ್ಕಾಗಿಯೇ ಒಳ್ಳೆಯ ನಕ್ಷತ್ರ ಪಟ್ಟಿಗಳಲ್ಲಿ ಚಿಹ್ನೆಗೆ ಪ್ರತ್ಯೇಕ ಕಾಲಂ ಇರುತ್ತದೆ.

ಇನ್ನು ನೀರಿನ ಬಿಲ್ಲು. ಅದರಲ್ಲಿನ ‘−0.00’ ಬಹುಮಟ್ಟಿಗೆ ಋಣ ಸೊನ್ನೆಯೇ ಅಲ್ಲ. ಒಂದೇ ಮೊತ್ತದಿಂದ ಅದೇ ಮೊತ್ತವನ್ನು ಕಳೆದರೆ ಸಾಮಾನ್ಯ ರೀತಿಯಲ್ಲಿ ಉತ್ತರ ಧನ ಸೊನ್ನೆಯಾಗಬೇಕು ಎಂದು ಮಾನದಂಡವೇ ಹೇಳುತ್ತದೆ. ಬಿಲ್ಲಿನಲ್ಲಿ ಆಗಿರುವುದು ಬೇರೆ. 0.1, 0.2, 0.3 ಎಂಬ ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಕರಾರುವಾಕ್ಕಾಗಿ ಬರೆಯಲು ಆಗುವುದಿಲ್ಲ. ಆದ್ದರಿಂದ 0.3ರಿಂದ 0.1, ಆಮೇಲೆ 0.2 ಕಳೆದರೆ ಯಂತ್ರ ಕೊಡುವ ಉತ್ತರ ಸೊನ್ನೆಯಲ್ಲ. ದಶಾಂಶ ಬಿಂದುವಿನ ನಂತರ ಹದಿನಾರು ಸೊನ್ನೆಗಳಾದ ಮೇಲೆ ಶುರುವಾಗುವ ಒಂದು ಋಣ ಸಂಖ್ಯೆ. ಎರಡು ಸ್ಥಾನಕ್ಕೆ ಇಳಿಸಿ ಮುದ್ರಿಸಿದಾಗ ಅಂಕಿಗಳೆಲ್ಲ ಉದುರಿ ಮೈನಸ್ ಮಾತ್ರ ಉಳಿಯುತ್ತದೆ, ಮೊಸರು ಸುರಿದ ಮೇಲೆ ಪಾತ್ರೆಗೆ ಅಂಟಿದ ಜಿಡ್ಡಿನ ಹಾಗೆ. ಇಲ್ಲಿ ಅದು ಯಾರಿಗೂ ಯಾವ ಸುದ್ದಿಯನ್ನೂ ಹೇಳುವುದಿಲ್ಲ. ಬಳಕೆದಾರನನ್ನು ಗಾಬರಿಪಡಿಸುವುದಷ್ಟೇ. ಪ್ರೋಗ್ರಾಂ ಬರೆಯುವ ಪೈಥಾನ್ ಭಾಷೆಯಲ್ಲಿ 2022ರ 3.11ನೆಯ ಆವೃತ್ತಿಯಿಂದ, ಹೀಗೆ ಇಳಿಸಿದ ಮೇಲೆ ಸೊನ್ನೆಯಾಗುವ ಸಂಖ್ಯೆಯ ಮೈನಸ್ ತೆಗೆದು ಮುದ್ರಿಸಲು ಪ್ರತ್ಯೇಕ ಸೌಲಭ್ಯವೇ ಇದೆ. ಲೆಕ್ಕವನ್ನು ಮುಟ್ಟದೆ ಮುದ್ರಣದಲ್ಲಿ ಮಾತ್ರ ಚಿಹ್ನೆಯನ್ನು ತೆಗೆಯುವ ವ್ಯವಸ್ಥೆ ಅದು.

ನಾನು ಹೇಳಬೇಕೆಂದಿರುವುದೂ ಅದೇ. ಸೊನ್ನೆಯ ಚಿಹ್ನೆಯನ್ನು ಅಳಿಸುವ ಅಧಿಕಾರ ಕೊನೆಯಲ್ಲಿ ಮುದ್ರಿಸುವವನದು, ಅದೂ ಓದುವವನಿಗೆ ಅದು ಬೇಡ ಎಂದು ಖಾತ್ರಿಯಾದ ಮೇಲೆ. ನಡುವಿನಲ್ಲಿ ಯಾರೂ ಅದಕ್ಕೆ ಕೈ ಹಾಕಬಾರದು. ನೀರಿನ ಬಿಲ್ಲು ಓದುವವನಿಗೆ ಅದು ಬೇಡ. ಶ್ರೀನಗರದ ತಾಪಮಾನ ಓದುವವನಿಗೆ ಬೇಕು. ಅಲ್ಲಿಗೆ ಹೊರಟಿರುವ ಪ್ರವಾಸಿ, ಬೆಳಿಗ್ಗೆ ಲಾರಿ ಚಾಲೂ ಮಾಡಬೇಕಾದ ನಮ್ಮೂರಿನ ಚಾಲಕ, ಗಡಿಯಲ್ಲಿರುವ ಮಗನ ಊರಿನ ಹವೆಯನ್ನು ದಿನವೂ ನೋಡುವ ತಾಯಿ, ಇವರೆಲ್ಲ ನಿಮ್ಮ ಓದುಗರೇ. ‘−0’ ನೋಡಲು ವಿಚಿತ್ರವೆನಿಸುವುದಾದರೆ ದಶಾಂಶ ಸಮೇತ ಮುದ್ರಿಸಿ. ಹವಾಮಾನ ಇಲಾಖೆ ಕೊಡುವುದೇ ದಶಾಂಶದಲ್ಲಿ. ಕಾಲಂನಲ್ಲಿ ಜಾಗವಿಲ್ಲ ಎನ್ನಬೇಡಿ. ಪಕ್ಕದ ರಾಶಿಭವಿಷ್ಯಕ್ಕೆ ಬೇಕಾದಷ್ಟು ಜಾಗವಿದೆ.

ನೀರಿನ ಬಿಲ್ಲಿನ ಓದುಗರಿಗೆ ಒಂದು ಮಾತು: ಏನನ್ನೂ ಕಟ್ಟಬೇಡಿ. ಆದರೆ ಆ ಕಚೇರಿಗೆ ಒಂದು ಅರ್ಜಿ ಕೊಟ್ಟು, ಹಣವನ್ನು ರೂಪಾಯಿಯ ದಶಾಂಶದಲ್ಲಿ ಇಡುವ ಬದಲು ಪೈಸೆಯ ಪೂರ್ಣಾಂಕದಲ್ಲಿ ಇಡಲು ಹೇಳಿ. 30 ಪೈಸೆಯಿಂದ 10 ಪೈಸೆ, ಆಮೇಲೆ 20 ಪೈಸೆ ಕಳೆದರೆ ಯಾವ ಯಂತ್ರದಲ್ಲೂ ಏನೂ ಉಳಿಯುವುದಿಲ್ಲ.

ಇತಿ,
ನಿವೃತ್ತ ಹವಾಮಾನ ವೀಕ್ಷಕ, ಸಾಗರ